ಒಂದೇ ಹಗಲು, ಹತ್ತಾರು ಹಕ್ಕುದಾರರು

2020ರ ಜೂನ್ 21, ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಕರ್ನಾಟಕದಲ್ಲಿ ಸೂರ್ಯನಿಗೆ ಗ್ರಹಣ ಹಿಡಿಯಿತು. ನಮ್ಮ ಪಾಲಿಗೆ ಬಂದದ್ದು ಖಂಡಗ್ರಾಸ. ಹರಿಯಾಣದ ಸಿರ್ಸಾ, ಕುರುಕ್ಷೇತ್ರದವರಿಗೆ ಸೂರ್ಯ ಬಳೆಯಾಗಿ ಕಂಡ. ಸೂರ್ಯಗ್ರಹಣ ಎಂದ ಮೇಲೆ ಅಮಾವಾಸ್ಯೆ ಇರಲೇಬೇಕಲ್ಲ, ಅದು ಜ್ಯೇಷ್ಠ ಮಾಸದ ಅಮಾವಾಸ್ಯೆ. ಉತ್ತರ ಕರ್ನಾಟಕದ ಮಂದಿಗೆ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರ ಮನೆಯಿಂದ ಎತ್ತುಗಳನ್ನು ತಂದು ಜಗಲಿಗೆ ಏರಿಸಿ, ಹೋಳಿಗೆ ಎಡೆ ಹಿಡಿಯುವ ಹಬ್ಬಕ್ಕೆ ಗ್ರಹಣದ ಸೂತಕ ಅಡ್ಡ ಬಂದಿತ್ತು. ಅದೇ ದಿನ ಅಂತರರಾಷ್ಟ್ರೀಯ ಯೋಗ ದಿನ. ಕೊರೊನಾ ಕಾಲವಾದ್ದರಿಂದ ಮೈದಾನಕ್ಕೆ ಬರಬೇಡಿ, ಮನೆಯಲ್ಲೇ ಚಾಪೆ ಹಾಸಿ ಎಂದು ಸರ್ಕಾರವೇ ಹೇಳಿತ್ತು. ಅದೇ ದಿನ ವಿಶ್ವ ಸಂಗೀತ ದಿನ. ಜೂನ್ ತಿಂಗಳ ಮೂರನೆಯ ಭಾನುವಾರ ಬೇರೆ, ಹಾಗಾಗಿ ಅಪ್ಪಂದಿರ ದಿನ. ಇಷ್ಟೆಲ್ಲ ಸಾಲದೆಂಬಂತೆ ವರ್ಷದ ಅತಿ ಉದ್ದದ ಹಗಲೂ ಅಂದೇ.

ಗ್ರಹಣ, ಅಮಾವಾಸ್ಯೆ, ಅಪ್ಪಂದಿರ ದಿನ ಇವೆಲ್ಲ ಆ ವರ್ಷದ ಮಟ್ಟಿಗೆ ಕೂಡಿಬಂದವು. (ಚಂದ್ರ ಈ ತಾರೀಖಿಗೆ ಇನ್ನೊಂದು ಹಬ್ಬವನ್ನೂ ತಂದಿಟ್ಟಿದ್ದುಂಟು: 2024ರಲ್ಲಿ ಜ್ಯೇಷ್ಠ ಹುಣ್ಣಿಮೆಯ ತಿಥಿ ಹಿಡಿದದ್ದು ಜೂನ್ 21ರ ಬೆಳಿಗ್ಗೆ. ಅದು ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುವ ಕಾರ ಹುಣ್ಣಿಮೆ.) ಉಳಿದವು ಹಾಗಲ್ಲ, ಪ್ರತಿ ವರ್ಷವೂ ಜೂನ್ 21ಕ್ಕೇ ಅಂಟಿಕೊಂಡಿವೆ. ಒಂದಕ್ಕೊಂದು ಗುರುತು ಪರಿಚಯವಿಲ್ಲ. ಹೆಚ್ಚಿನವಕ್ಕೆ ಇರುವ ನಂಟು ಒಬ್ಬನೇ ಸೂರ್ಯನದು.

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಸೂರ್ಯ ಉತ್ತರಕ್ಕೆ ಸರಿಯುತ್ತ ಸರಿಯುತ್ತ ಕರ್ಕಾಟಕ ಸಂಕ್ರಾಂತಿ ವೃತ್ತದ ನೆತ್ತಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಮುಖ ತಿರುಗಿಸುತ್ತಾನೆ. ಆ ಗಳಿಗೆ ಬರುವುದು ಜೂನ್ 21ರ ಆಸುಪಾಸಿನಲ್ಲಿ. ಆದರೆ ಈ ಬದಲಾವಣೆ ಎಲ್ಲರಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ. ಬೆಂಗಳೂರಿನ ಅತಿ ಉದ್ದದ ಹಗಲು ಹನ್ನೆರಡು ಗಂಟೆ ಐವತ್ಮೂರು ನಿಮಿಷ, ಅತಿ ಚಿಕ್ಕದು ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಹಗಲು ಆರು ತಾಸಿಗೇ ಮುಗಿದರೆ ಜೂನ್ ಹಗಲು ಹದಿನೆಂಟೂವರೆ ತಾಸನ್ನೂ ದಾಟುತ್ತದೆ. ಆರು ತಿಂಗಳು ಕತ್ತಲನ್ನು ಸಹಿಸಿಕೊಂಡವರು ಈ ದಿನ ಹೂವಿನ ಕಂಬ ನೆಟ್ಟು, ಅದರ ಸುತ್ತ ಕುಣಿದರೆ ಆಶ್ಚರ್ಯವೇನು? ಆ ಸ್ವೀಡಿಷರೂ 1953ರಲ್ಲಿ ಲೆಕ್ಕಾಚಾರಕ್ಕೆ ಇಳಿದರೆನ್ನಿ. ಹಬ್ಬದ ಮುನ್ನಾದಿನವನ್ನು ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರಕ್ಕೆ ಕಟ್ಟಿಹಾಕಿ, ವಾರಾಂತ್ಯದ ರಜೆಗೆ ಜೋಡಿಸಿಬಿಟ್ಟರು.

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನವರದು ಇನ್ನೊಂದು ಬಗೆಯ ಹುಮ್ಮಸ್ಸು. ಅಲ್ಲಿ 1906ರಿಂದ ಈ ಹೊತ್ತಿನಲ್ಲಿ ನಡುರಾತ್ರಿಯ ಬೇಸ್‌ಬಾಲ್ ಆಟ ನಡೆದುಬಂದಿದೆ. ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಹನ್ನೆರಡು ದಾಟಿದರೂ ಒಂದು ದೀಪವನ್ನೂ ಹಚ್ಚುವುದಿಲ್ಲ. ದೀಪ ಹಚ್ಚಿದರೆ ಆಟದ ಗಮ್ಮತ್ತೇ ಹೋಯಿತಲ್ಲ.

ಭೂಮಧ್ಯರೇಖೆಯ ಆಚೆಗೆ ಹೋದರೆ ಇದೇ ಜೂನ್ 21 ತಲೆಕೆಳಗು: ಅಲ್ಲಿ ನಡು ಚಳಿಗಾಲ, ಅತಿ ಉದ್ದದ ರಾತ್ರಿ. ಬೊಲಿವಿಯಾದ ತಿವನಾಕು ಎಂಬಲ್ಲಿ, ಸಮುದ್ರ ಮಟ್ಟದಿಂದ 3,800 ಮೀಟರಿಗೂ ಎತ್ತರದಲ್ಲಿ, ಇಂಕಾಗಳಿಗಿಂತ ಹಿಂದಿನ ನಗರವೊಂದರ ಕಲ್ಲಿನ ಬಾಗಿಲುಗಳು ನಿಂತಿವೆ. 21ರ ಮುಂಜಾವಿಗೆ ಆಯ್ಮರಾ ಜನ ಅಲ್ಲಿ ಸೇರುತ್ತಾರೆ. ಮೂಳೆ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಬೆಂಕಿ ಕಾಯಿಸಿಕೊಂಡು, ಸೂರ್ಯ ಮೂಡುವಾಗ ಎರಡೂ ಅಂಗೈಗಳನ್ನು ಎತ್ತಿ ಹಿಡಿದು ಮೊದಲ ಕಿರಣ ಪಡೆಯುತ್ತಾರೆ. ಅದು ಅವರ ಹೊಸ ವರ್ಷ. ಇವೊ ಮೊರಾಲೆಸ್ ಸರ್ಕಾರ 2009ರಲ್ಲಿ ಅದನ್ನು ರಾಷ್ಟ್ರೀಯ ರಜೆಯಾಗಿ ಸಾರಿತು. ಅವರ ವರ್ಷದ ಎಣಿಕೆ ನನಗೆ ಬಹಳ ಹಿಡಿಸಿದ್ದು. 2023ರಲ್ಲಿ ಅವರು ಆಚರಿಸಿದ್ದು 5531ನೆಯ ವರ್ಷವನ್ನು. ಹೇಗೆ ಎನ್ನುತ್ತೀರಾ? ಸಾವಿರ ವರ್ಷಗಳ ಐದು ಆವರ್ತ ಮುಗಿದವೆಂದು ಐದು ಸಾವಿರ; ಅದರ ಮೇಲೆ ಕೊಲಂಬಸ್ ಅಮೆರಿಕಕ್ಕೆ ಬಂದ 1492ರಿಂದ ಈಚಿನ ವರ್ಷಗಳು. ಪರಕೀಯರು ಕಾಲಿಟ್ಟ ವರ್ಷವನ್ನೇ ತಮ್ಮ ಪಂಚಾಂಗದ ಲೆಕ್ಕದೊಳಗೆ ಸೇರಿಸಿಕೊಂಡು, ಪ್ರತಿ ಹೊಸ ವರ್ಷಕ್ಕೂ ಅದನ್ನು ನೆನಪಿಸುವ ಜಾಣತನ ಇದು.

ಇನ್ನೂ ತೆಂಕಣಕ್ಕೆ, ಅಂಟಾರ್ಕ್ಟಿಕಾದ ಸಂಶೋಧನಾ ನೆಲೆಗಳಲ್ಲಿ ಚಳಿಗಾಲ ಕಳೆಯುವವರಿಗೆ ಇದೇ ವರ್ಷದ ದೊಡ್ಡ ಹಬ್ಬ. ವಾರಗಟ್ಟಲೆ ಸೂರ್ಯನ ಮುಖ ಕಾಣದವರು ಅರ್ಧ ಕತ್ತಲೆ ಕಳೆಯಿತೆಂದು ಭರ್ಜರಿ ಊಟ ಮಾಡಿ, ಒಂದು ನೆಲೆಯಿಂದ ಇನ್ನೊಂದಕ್ಕೆ ಶುಭಾಶಯ ಕಳಿಸುತ್ತಾರೆ.

ಸರ್ಕಾರಗಳೂ ಈ ತಾರೀಖಿನ ಮೇಲೆ ಕಣ್ಣಿಟ್ಟಿವೆ. ಕೆನಡಾ 1996ರಲ್ಲಿ ಮೂಲನಿವಾಸಿಗಳ ದಿನವನ್ನು ಇಲ್ಲಿಗೇ ತಂದಿತು. ಆ ಜನರಿಗೆ ಇದು ಮೊದಲೇ ಆಚರಣೆಯ ಕಾಲವಾಗಿತ್ತು. ಗ್ರೀನ್‌ಲ್ಯಾಂಡ್‌ನ ರಾಷ್ಟ್ರೀಯ ದಿನವೂ ಜೂನ್ 21. ಅವರ ಕೆಂಪು ಬಿಳಿ ಬಾವುಟ ಮೊದಲು ಏರಿದ್ದು 1985ರ ಜೂನ್ 21ರಂದು, ಡೆನ್ಮಾರ್ಕಿನಿಂದ ಹೆಚ್ಚಿನ ಸ್ವಾಡಳಿತ ಕೈಗೆ ಬಂದದ್ದು 2009ರ ಜೂನ್ 21ರಂದು. ರಾತ್ರಿಯೇ ಆಗದ ದಿನ ಬಾವುಟ ಇಳಿಸುವುದು ಯಾವಾಗ ಎಂದು ಕೇಳಬೇಡಿ.

ಈಗ ಸಂಗೀತಕ್ಕೆ ಬರೋಣ. ಇದು ಫ್ರಾನ್ಸಿನ ಕೊಡುಗೆ. 1981ರಲ್ಲಿ ಮಿತ್ತರಾಂ ಅಧ್ಯಕ್ಷರಾದಾಗ ಜಾಕ್ ಲಾಂಗ್ ಸಂಸ್ಕೃತಿ ಸಚಿವರಾದರು. ಸಂಗೀತ ಮತ್ತು ನೃತ್ಯ ವಿಭಾಗಕ್ಕೆ ಅವರು ಕರೆತಂದದ್ದು ವಿಮರ್ಶಕ ಮೊರಿಸ್ ಫ್ಲರೆಯನ್ನು. ದೇಶದಲ್ಲಿ ಸುಮಾರು ಐವತ್ತು ಲಕ್ಷ ಜನ ಯಾವುದಾದರೊಂದು ವಾದ್ಯ ನುಡಿಸುತ್ತಾರೆ, ಮಕ್ಕಳಲ್ಲಂತೂ ಇಬ್ಬರಲ್ಲಿ ಒಬ್ಬರು ನುಡಿಸುತ್ತಾರೆ ಎಂದು ಸಮೀಕ್ಷೆಯೊಂದು ಹೇಳುತ್ತಿತ್ತು. ಆದರೆ ಸಭಾಂಗಣಗಳಲ್ಲಿ ಕೇಳುತ್ತಿದ್ದದ್ದು ಬೆರಳೆಣಿಕೆಯ ಕಲಾವಿದರ ಸಂಗೀತ. ಹಾಗಾದರೆ ಉಳಿದವರ ಪಿಟೀಲು, ಗಿಟಾರು, ಕೊಳಲು ಎಲ್ಲಿ? ಮನೆಯ ಮೂಲೆಯಲ್ಲಿ. ಅವನ್ನೆಲ್ಲ ಒಂದು ಸಂಜೆ ಬೀದಿಗೆ ತರಬೇಕೆಂದು ಇವರು ಹೊರಟರು. ಬೆಳಕು ತಡವಾಗಿ ಆರುವ ಜೂನ್ 21ಕ್ಕಿಂತ ಒಳ್ಳೆಯ ಸಂಜೆ ಸಿಗುವಂತಿರಲಿಲ್ಲ. 1982ರಲ್ಲಿ ಕೊಟ್ಟ ಮೊದಲ ಕರೆ ರಾತ್ರಿ ಎಂಟೂವರೆಯಿಂದ ಒಂಬತ್ತರವರೆಗೆ, ಅರ್ಧ ಗಂಟೆಗೆ ಮಾತ್ರ. ಹೊರಬಂದವರು ಒಂಬತ್ತಕ್ಕೆ ಒಳಗೆ ಹೋಗಲಿಲ್ಲ.

ಈ ಹಬ್ಬಕ್ಕೆ ನಿಯಮಗಳು ಕಡಿಮೆ: ಕೇಳುವವರಿಂದ ಕಾಸು ತೆಗೆದುಕೊಳ್ಳುವಂತಿಲ್ಲ, ಕಲಿಯುವವನಿಗೂ ಪಂಡಿತನಿಗೂ ಒಂದೇ ಬೀದಿ. ಈಗ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಅಂಗಳದಲ್ಲೂ ಜೂನ್ ಬಂದರೆ ಡ್ರಮ್ ಸದ್ದು. ನಮ್ಮಲ್ಲಿ ಇದು ಇನ್ನೂ ವೇದಿಕೆ ಬಿಟ್ಟು ಕೆಳಗಿಳಿದಿಲ್ಲ ಎಂಬುದು ನನ್ನ ತಕರಾರು. ವರ್ಷವಿಡೀ ಮೈಕು ಹಿಡಿಯುವವರೇ ಅಂದೂ ಹಿಡಿಯುತ್ತಾರೆ. ಪಕ್ಕದ ಮನೆಯಲ್ಲಿ ಸರಳೆ ವರಸೆ ಸಾಧಿಸುವ ಹುಡುಗಿ ಅಂದೂ ಬಾಗಿಲು ಹಾಕಿಕೊಂಡೇ ಸಾಧಿಸುತ್ತಾಳೆ. ಫ್ಲರೆ ಹೊರಗೆ ಕರೆದದ್ದು ಇಂಥವಳನ್ನೇ.

ಯೋಗ ದಿನದ ಕಥೆ ನಮಗೆ ಹತ್ತಿರದ್ದು. 2014ರ ಸೆಪ್ಟೆಂಬರ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಪ್ರಸ್ತಾಪವಿಟ್ಟರು. ಡಿಸೆಂಬರ್ 11ಕ್ಕೆ ನಿರ್ಣಯ ಅಂಗೀಕಾರವಾಯಿತು. ಜೊತೆ ನಿಂತ ದೇಶಗಳು 177. ಮೂರು ತಿಂಗಳೂ ತುಂಬದೆ ಇಷ್ಟು ಒಮ್ಮತ ಅಲ್ಲಿ ಅಪರೂಪ. ಜೂನ್ 21 ಏಕೆಂದರೆ ಉತ್ತರಾರ್ಧ ಗೋಳದ ಅತಿ ಉದ್ದದ ಹಗಲು ಎಂಬುದೇ ಭಾರತ ಕೊಟ್ಟ ಕಾರಣ. 2015ರಲ್ಲಿ ದೆಹಲಿಯ ರಾಜಪಥದ ಮೇಲೆ 35,985 ಮಂದಿ ಆಸನ ಹಾಕಿ ಗಿನ್ನೆಸ್ ದಾಖಲೆ ಮಾಡಿದರು. 2022ರಲ್ಲಿ ಪ್ರಧಾನಿ ಬಂದು ಕೂತದ್ದು ಮೈಸೂರು ಅರಮನೆಯ ಅಂಗಳದಲ್ಲಿ.

ಅದು ಸರಿಯಾದ ಜಾಗವೇ. ಇಂದು ಜಗತ್ತು ಚಾಪೆ ಹಾಸಿ ಮಾಡುವ ಯೋಗದ ಬಹುಪಾಲು ಅಲ್ಲಿಂದ ಕೂಗಳತೆಯಲ್ಲಿರುವ ಜಗನ್ಮೋಹನ ಅರಮನೆಯಿಂದ ಹೊರಟದ್ದು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅಲ್ಲಿ ಯೋಗಶಾಲೆ ನಡೆಸಿದರು. ಹಾಸನ ಸೀಮೆಯ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಶಿಷ್ಯರೂ ಹೌದು, ಹೆಂಡತಿಯ ತಮ್ಮನೂ ಹೌದು. ರೋಗಿಷ್ಠ ಹುಡುಗನಾಗಿ ಭಾವನ ಮನೆ ಸೇರಿದ ಅಯ್ಯಂಗಾರ್ ಮುಂದೆ ಪುಣೆಗೆ ಹೋದರು. 1952ರಲ್ಲಿ ಅವರನ್ನು ಕಂಡ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಶಿಷ್ಯರಾದರು, ಗುರುವನ್ನು ಯುರೋಪಿಗೆ ಕರೆದೊಯ್ದರು, ತನಗೆ ಸಿಕ್ಕ ಅತ್ಯುತ್ತಮ ಪಿಟೀಲು ಮೇಷ್ಟರು ಇವರೇ ಎಂದು ಬರೆಸಿದ ಕೈಗಡಿಯಾರವನ್ನು ಉಡುಗೊರೆ ಕೊಟ್ಟರು. ಇದೇ ಮೆನುಹಿನ್ ಮುಂದೆ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಎದುರು ಶೀರ್ಷಾಸನ ಹಾಕಿ, ಬೀಥೋವನ್ನನ ಐದನೆಯ ಸಿಂಫನಿಗೆ ಕಾಲಿನಿಂದಲೇ ತಾಳ ತೋರಿಸಿದರು. ಯೋಗ ದಿನ, ಸಂಗೀತ ದಿನ ಎರಡನ್ನೂ ಒಂದೇ ಮೈಯಲ್ಲಿ ಆಚರಿಸಿದ ಮನುಷ್ಯ ಬೇಕಿದ್ದರೆ ಇವರೊಬ್ಬರೇ ಸಾಕು. ಅಯ್ಯಂಗಾರರು ತೀರಿಕೊಂಡದ್ದು 2014ರ ಆಗಸ್ಟ್ 20ರಂದು, ವಿಶ್ವಸಂಸ್ಥೆಯ ಆ ಭಾಷಣಕ್ಕೆ ಐದು ವಾರಗಳ ಹಿಂದೆ.

ಉಳಿದ ಹಕ್ಕುದಾರರ ವಿಷಯದಲ್ಲಿ ಬೇಗ ಬೇಗ ಹೆಜ್ಜೆ ಹಾಕಬಹುದು. ಸ್ಕೇಟ್‌ಬೋರ್ಡ್ ದಿನ 2004ರದ್ದು, ಸಾರಿದವರು ಸ್ಕೇಟ್‌ಬೋರ್ಡ್ ತಯಾರಕರ ಸಂಘ. ಸೆಲ್ಫಿ ದಿನ 2014ರಲ್ಲಿ ಟೆಕ್ಸಾಸ್‌ನ ರೇಡಿಯೊ ನಿರೂಪಕರೊಬ್ಬರ ತಲೆಯಲ್ಲಿ ಹೊಳೆದದ್ದು; ಅದಕ್ಕೊಂದು ದಿನ ಮೀಸಲಿಡಬೇಕಾದ ಅಗತ್ಯ ಆಗಲೂ ಇರಲಿಲ್ಲ, ಈಗಂತೂ ಇಲ್ಲ. ಜಿರಾಫೆ ದಿನವೂ 2014ರದ್ದೇ. ಅತಿ ಉದ್ದದ ಕತ್ತಿನ ಪ್ರಾಣಿಗೆ ಅತಿ ಉದ್ದದ ಹಗಲು ಎಂಬುದು ತರ್ಕ. ತಮಾಷೆಯೆಂದರೆ ಇದನ್ನು ನಡೆಸುವ ಜಿರಾಫೆ ಸಂರಕ್ಷಣಾ ಸಂಸ್ಥೆ ಇರುವುದು ನಮೀಬಿಯಾದಲ್ಲಿ, ಅಲ್ಲಿ ಅಂದು ಅತಿ ಚಿಕ್ಕ ಹಗಲು. ಆದರೂ ಇದನ್ನು ಸೆಲ್ಫಿಯ ಸಾಲಿಗೆ ಸೇರಿಸಲು ಮನಸ್ಸಿಲ್ಲ. ಮೈಸೂರು ಮೃಗಾಲಯದಲ್ಲಿ ಮಕ್ಕಳು ಕತ್ತೆತ್ತಿ ನೋಡುವ ಈ ಪ್ರಾಣಿ ಕಾಡಿನಲ್ಲಿ ಕಡಿಮೆಯಾಗಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ತಿಳಿಸಲು ಒಂದು ನೆಪ ಬೇಕು.

ಸೂರ್ಯನ ಹಂಗಿಲ್ಲದೆ ಬಂದದ್ದು ವಿಶ್ವ ಜಲಮಾಪನ ದಿನ. ಸಮುದ್ರದ ಆಳ ಅಳೆದು ನಕ್ಷೆ ಬರೆಯುವ ದೇಶಗಳ ಒಕ್ಕೂಟ ಮೊನಾಕೊದಲ್ಲಿ ಹುಟ್ಟಿದ್ದು 1921ರ ಜೂನ್ 21ರಂದು, ಅದಕ್ಕೇ ಈ ದಿನ. ಕಾರವಾರಕ್ಕೋ ಮಂಗಳೂರಿಗೋ ಬರುವ ಹಡಗಿನ ತಳ ನೆಲಕ್ಕೆ ತಾಗದಿರುವುದು ಈ ನಕ್ಷೆಗಳ ಪುಣ್ಯ. ಭಾರತದ ಸಮುದ್ರ ನಕ್ಷೆಗಳನ್ನು ಹೊರತರುವ ನೌಕಾಪಡೆಯ ಕಚೇರಿ ಇರುವುದು ಸಮುದ್ರದಿಂದ ಬಹುದೂರ, ಹಿಮಾಲಯದ ಬುಡದ ಡೆಹ್ರಾಡೂನಿನಲ್ಲಿ.

ಹಾಗಾದರೆ ನಮ್ಮ ಪಂಚಾಂಗ ಈ ದಿನಕ್ಕೆ ಏನನ್ನುತ್ತದೆ? ಯೋಗ ದಿನದ ಭಾಷಣಗಳಲ್ಲಿ ಇಂದಿನಿಂದ ದಕ್ಷಿಣಾಯನ ಎಂಬ ಮಾತು ಕಿವಿಗೆ ಬೀಳುತ್ತದೆ. ಮನೆಯ ಪಂಚಾಂಗ ತೆಗೆದರೆ ದಕ್ಷಿಣಾಯನ ಪುಣ್ಯಕಾಲ ಇರುವುದು ಕರ್ಕಾಟಕ ಸಂಕ್ರಮಣಕ್ಕೆ, ಜುಲೈ 16ರ ಸುಮಾರಿಗೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಬುಗುರಿಯಂತೆ ಒಂದು ಸುತ್ತು ತೊನೆಯುತ್ತದೆ. ಹೀಗಾಗಿ ನಕ್ಷತ್ರಗಳನ್ನು ನೋಡಿ ಎಣಿಸುವ ನಮ್ಮ ಲೆಕ್ಕಕ್ಕೂ ಸೂರ್ಯ ನಿಜವಾಗಿ ತಿರುಗುವ ದಿನಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು.

ಇದೇ ನಕ್ಷತ್ರ ಲೆಕ್ಕ ಜೂನ್ 21-22ಕ್ಕೆ ನಮ್ಮ ರೈತರಿಗೆ ಬೇರೊಂದನ್ನು ಕೊಟ್ಟಿದೆ. ಮೃಗಶಿರ ಮುಗಿದು ಆರಿದ್ರಾ ಮಳೆ ಹುಟ್ಟುವುದು ಆಗಲೇ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ ಎಂಬ ಗಾದೆ ಹುಟ್ಟಿದ್ದು ಈ ಮಳೆಯ ಮೇಲೆ ಕಣ್ಣು ನೆಟ್ಟು ಕೂತವರ ಬಾಯಲ್ಲಿ. ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಬದುಕುವವರಿಗೆ ಹಗಲು ಮುಕ್ಕಾಲು ಗಂಟೆ ಹಿಗ್ಗಿದರೆ ಏನು, ಕುಗ್ಗಿದರೆ ಏನು? ನಮ್ಮ ಮಧ್ಯಬೇಸಿಗೆಯ ಮಾತು ಏಪ್ರಿಲ್‌ಗೇ ಮುಗಿದಿರುತ್ತದೆ. ಜೂನ್ 21ಕ್ಕೆ ಜಗತ್ತು ಸೂರ್ಯನಿಗೆ ಕೈ ಎತ್ತಿದರೆ ನಾವು ಮೋಡಕ್ಕೆ ಎತ್ತುತ್ತೇವೆ. ಈ ತಾರೀಖಿನ ಮೇಲೆ ಕರ್ನಾಟಕಕ್ಕೆ ಸ್ವಂತದ್ದೆನ್ನುವ ಹಕ್ಕು ಯಾವುದಾದರೂ ಇದ್ದರೆ ಅದು ಆರಿದ್ರೆಯದೇ.

ಆದರೂ ಮೋಡ ಸ್ವಲ್ಪ ಬಿಡುವು ಕೊಟ್ಟರೆ ಅಂದು ಮಧ್ಯಾಹ್ನ ಮಕ್ಕಳನ್ನು ಅಂಗಳಕ್ಕೋ ತಾರಸಿಗೋ ಕರೆದುಕೊಂಡು ಹೋಗಿ. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಬೆಂಗಳೂರಿನಲ್ಲಾದರೆ ಹನ್ನೆರಡು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ, ಮಂಗಳೂರು ಹುಬ್ಬಳ್ಳಿಗಳಲ್ಲಿ ಹನ್ನೆರಡೂವರೆಯ ಆಚೀಚೆ ನೆರಳು ನೋಡಿ. ವರ್ಷದ ಹೆಚ್ಚು ಕಾಲ ನಡುಹಗಲಿನಲ್ಲಿ ಉತ್ತರಕ್ಕೆ ಬೀಳುವ ನೆರಳು ಅಂದು ದಕ್ಷಿಣಕ್ಕೆ ಬಿದ್ದಿರುತ್ತದೆ. ಬೆಂಗಳೂರಿನಲ್ಲಿ ಅದರ ಉದ್ದ ಸುಮಾರು ಹದಿನೆಂಟು ಸೆಂಟಿಮೀಟರ್, ಬೀದರಿನಲ್ಲಿ ಹತ್ತು. ಅಂದು ಮಳೆ ಹೊಯ್ದರೆ ಬೇಸರ ಬೇಡ. ಬೆಂಗಳೂರಿಗರಿಗೆ ಈ ತೆಂಕಣ ನೆರಳು ಆಗಸ್ಟ್ 18ರ ಹತ್ತಿರದವರೆಗೂ ಸಿಗುತ್ತದೆ.