ಎರಡು ನುಡಿಯ ಮನೆಗೆ ಮಕ್ಕಳ ಪುಸ್ತಕ

ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರದ ಸುತ್ತಮುತ್ತ ಮನೆಯೊಳಗೆ ತೆಲುಗನ್ನೋ ದಖನಿ ಉರ್ದುವನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡ ಓದುತ್ತ, ಹೆತ್ತವರ ಆಸೆಯಂತೆ ಇಂಗ್ಲಿಷಿನತ್ತಲೂ ಹೆಜ್ಜೆ ಹಾಕುವ ಮಕ್ಕಳು ಬಹಳ ಮಂದಿ ಇರುವುದರಿಂದ, ಮನೆಮಾತೂ ಓದಿನ ಮಾತೂ ಒಂದೇ ಎಂದು ಭಾವಿಸಿ ಸಿದ್ಧಪಡಿಸಿದ ಪುಸ್ತಕಪಟ್ಟಿಗಳು ಇಲ್ಲಿನ ಪೋಷಕರಿಗೆ ಅರ್ಧದಷ್ಟೇ ಉಪಯೋಗಕ್ಕೆ ಬರುತ್ತವೆ. ಕೈವಾರದ ನಾರೇಯಣ ಯತೀಂದ್ರರು ತೆಲುಗು ಮತ್ತು ಕನ್ನಡ ಎರಡರಲ್ಲೂ ಹಾಡು ಕಟ್ಟಿದ ಈ ಸೀಮೆಯಲ್ಲಿ ನುಡಿಗಳ ಬೆರಕೆ ಕೊರತೆಯಲ್ಲ, ಬಳುವಳಿ. ಆದರೆ ಓದಲು ಕಲಿಯುವ ಮಗುವಿಗೆ ಅಕ್ಷರ ಮತ್ತು ಅರ್ಥಗಳ ನಡುವಿನ ದಾರಿ ಇಲ್ಲಿ ತುಸು ಉದ್ದವಾಗಿರುತ್ತದೆ ಎಂಬುದನ್ನು ಪುಸ್ತಕ ಆರಿಸುವವರು ಮರೆಯಬಾರದು. ಆ ದಾರಿಯನ್ನು ಕಿರಿದು ಮಾಡುವುದು ಚಿತ್ರ. ಹಾಗಾಗಿ ಈ ಜಿಲ್ಲೆಯ ಮನೆಗಳಲ್ಲಿ ಚಿತ್ರಕಥೆಗೆ ಮೊದಲ ಮಣೆ ಸಲ್ಲಬೇಕು.

ಚಿತ್ರಕಥೆ ಅಥವಾ ಕಾಮಿಕ್ಸ್ ಎಂದರೆ ಚೌಕಟ್ಟುಗಳಲ್ಲಿ ಸಾಲಾಗಿ ಜೋಡಿಸಿದ ಚಿತ್ರಗಳ ಮೂಲಕ ನಡೆಯುವ ಕಥೆ. ಪಾತ್ರಗಳ ಮಾತು ಗುಳ್ಳೆಗಳಲ್ಲಿಯೂ ನಿರೂಪಕನ ಮಾತು ಪಟ್ಟಿಗಳಲ್ಲಿಯೂ ಬರುತ್ತದೆ. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಇರುವ ಬಿಳಿ ಜಾಗದಲ್ಲಿ ಏನು ನಡೆಯಿತೆಂಬುದನ್ನು ಓದುಗನೇ ಊಹಿಸಿ ತುಂಬಿಕೊಳ್ಳಬೇಕಾಗುತ್ತದೆ. ಆದ್ದರಿಂದ ಚಿತ್ರಕಥೆ ಸೋಮಾರಿಗಳ ಓದು ಎಂಬ ಹಳೆಯ ಆಕ್ಷೇಪ ನಿಲ್ಲುವುದಿಲ್ಲ. ಗುಳ್ಳೆಯೊಳಗಿನ ಕನ್ನಡ ಪದ ಗೊತ್ತಿಲ್ಲದಿದ್ದರೂ ಪಾತ್ರದ ಮುಖ ನೋಡಿ ಅದರ ಅರ್ಥವನ್ನು ಮಗು ಹಿಡಿಯುತ್ತದೆ, ಮುಂದಿನ ಪುಟಗಳಲ್ಲಿ ಅದೇ ಪದ ಮತ್ತೆ ಎದುರಾದಾಗ ಯಾರೂ ಹೇಳಿಕೊಡದೆ ಅದು ಮಗುವಿನದಾಗುತ್ತದೆ. ಸಾಲು ಚಿತ್ರಗಳಲ್ಲಿ ಕಥೆ ಹೇಳುವುದು ಈ ಭಾಗದವರಿಗೆ ಹೊಸದೇನೂ ಅಲ್ಲ. ಗೌರಿಬಿದನೂರಿನಿಂದ ಗಡಿ ದಾಟಿದರೆ ಹಿಂದೂಪುರದ ಬಳಿ ಸಿಗುವ ಲೇಪಾಕ್ಷಿಯ ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ 16ನೆಯ ಶತಮಾನದ ಚಿತ್ರಕಾರರು ಪುರಾಣದ ಪ್ರಸಂಗಗಳನ್ನು ಹೀಗೆಯೇ ಬರೆದಿದ್ದಾರೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸುವುದೂ ಓದಿನ ಭಾಗವೇ.

ಅಮರ ಚಿತ್ರ ಕಥೆ ಮಾಲೆ ಮೊದಲು ಹೊರಬಂದದ್ದು ಕನ್ನಡದಲ್ಲಿ ಎಂಬುದು ಅನೇಕ ಕನ್ನಡಿಗರಿಗೇ ತಿಳಿದಿಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಕೃಷ್ಣ’ ಆ ಮೇಲೆ ಇಂಗ್ಲಿಷಿನಲ್ಲಿ ಹೊರಬಂದು ಮಾಲೆಯ ದಿಕ್ಕನ್ನೇ ಬದಲಿಸಿತು. ಮೂವತ್ತೆರಡು ಪುಟಗಳ ಈ ಪುಸ್ತಕಗಳನ್ನು ಎಂಟು–ಹತ್ತು ವರ್ಷದ ಮಗು ಒಂದೇ ಸಲ ಕುಳಿತು ಮುಗಿಸಬಲ್ಲುದು. ಒಂದು ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದೆನೆಂಬ ಹೆಮ್ಮೆ ಓದಿನ ರೂಢಿಗೆ ಅಡಿಗಲ್ಲು. ಆದರೂ ಇವನ್ನು ಕೊಟ್ಟು ಸುಮ್ಮನಾಗುವುದು ಸರಿಯಲ್ಲ. ಹಳೆಯ ಸಂಚಿಕೆಗಳಲ್ಲಿ ರಾಕ್ಷಸರಿಗೂ ಕೆಳವರ್ಗದವರಿಗೂ ಕಪ್ಪು ಮೈಬಣ್ಣ, ದೇವತೆಗಳಿಗೂ ರಾಜರಿಗೂ ತಿಳಿ ಮೈಬಣ್ಣ ಕೊಟ್ಟಿರುವುದು ಎದ್ದು ಕಾಣುತ್ತದೆ; ತಮ್ಮ ಮೈಬಣ್ಣವೇ ಕಪ್ಪಾಗಿರುವ ಮಕ್ಕಳು ಇದನ್ನು ನೋಡಿ ಏನು ತಿಳಿದುಕೊಂಡಾರು ಎಂದು ಹೆತ್ತವರು ಯೋಚಿಸಬೇಕು, ಪುಸ್ತಕವನ್ನು ಬಚ್ಚಿಡುವ ಬದಲು ಆ ಮಾತನ್ನು ಮಗುವಿನೊಡನೆ ಬಾಯಿಬಿಟ್ಟು ಆಡಬೇಕು.

ಚಂದಮಾಮ ಚಿತ್ರಕಥೆಯಲ್ಲ, ಸಚಿತ್ರ ಕಥೆಗಳ ಮಾಸಪತ್ರಿಕೆ. ಅದರಲ್ಲಿ ಕಥೆಯನ್ನು ಹೇಳುವುದು ಬರಹ, ಚಿತ್ರ ಅದರ ಜೊತೆಗಿರುತ್ತದೆ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು ಹಾಗೂ ತಮಿಳಿನಲ್ಲಿ ಆರಂಭಿಸಿದ ಈ ಪತ್ರಿಕೆ ಬಳಿಕ ಕನ್ನಡಕ್ಕೂ ಬಂತು. ಅದರ ಮಹಾಭಾರತದ ಮುಖಪುಟಗಳನ್ನು ಬರೆದವರಲ್ಲಿ ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯರು ಹೆಸರಾದವರು. ಪತ್ರಿಕೆ ಈಗ ನಿಂತುಹೋಗಿದ್ದರೂ ಹಳೆಯ ಸಂಚಿಕೆಗಳು ಹಳೆಪುಸ್ತಕದ ಅಂಗಡಿಗಳಲ್ಲಿಯೂ ಅಂತರ್ಜಾಲದ ಸಂಗ್ರಹಗಳಲ್ಲಿಯೂ ಕೈಗೆ ಸಿಗುತ್ತವೆ. ಒಂದೇ ಕಥೆ ತೆಲುಗು, ಕನ್ನಡ ಎರಡೂ ನುಡಿಗಳಲ್ಲಿ ಅದೇ ಚಿತ್ರದೊಡನೆ ದೊರೆಯುವುದೂ, ಎರಡರ ಲಿಪಿಗಳು ಅಕ್ಕತಂಗಿಯರಂತಿರುವುದೂ ಇಲ್ಲಿನ ಮನೆಗಳಿಗೆ ದೊಡ್ಡ ಅನುಕೂಲ. ತೆಲುಗು ಓದಬಲ್ಲ ಅಜ್ಜಿಯೂ ಕನ್ನಡ ಓದುವ ಮೊಮ್ಮಗಳೂ ಪಕ್ಕಪಕ್ಕದಲ್ಲಿ ಕುಳಿತು ಓದಬಹುದು. ಅದರಲ್ಲಿಯೂ ಬೇತಾಳ ಕಥೆಗಳನ್ನು ಮೊದಲು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅವು ನೀತಿಯಲ್ಲಿ ಮುಗಿಯದೆ ಪ್ರಶ್ನೆಗೆ ಬಂದು ನಿಲ್ಲುತ್ತವೆ. ವಿಕ್ರಮನ ಉತ್ತರ ಓದುವ ಮೊದಲು ಪುಸ್ತಕ ಮುಚ್ಚಿ, ನೀನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದರೆ ಮಗು ತನ್ನ ಮನೆಮಾತಿನಲ್ಲಿಯೇ ವಾದಿಸಲು ತೊಡಗುತ್ತದೆ. ಬಾಲಮಂಗಳ ಪತ್ರಿಕೆಯ ‘ಡಿಂಗ’ನಂಥ ಸಾಹಸಕಥೆಗಳು ಬರಿಯ ಸಂತೋಷಕ್ಕೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬೇಕಾಗಿಲ್ಲ.

ಇನ್ನೂ ಅಕ್ಷರ ಕೂಡಿಸದ ಕಂದಮ್ಮಗಳಿಗೆ ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಪದ್ಯಗಳನ್ನು ಕಿವಿಗೆ ಹಾಕುವುದೇ ಓದು. ಅಕ್ಷರ ಕೂಡಿಸಲು ತೊಡಗಿದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣ ಬಹಳ ಒಳ್ಳೆಯ ಆಸರೆ. ಓದಿನ ಕಷ್ಟವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿರುವ ಅದರ ಚಿತ್ರಪುಸ್ತಕಗಳಲ್ಲಿ ಎಷ್ಟೋ ಕಥೆಗಳು ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಉಚಿತವಾಗಿ ಸಿಗುತ್ತವೆ.

ಅರಿವಿನ ಪುಸ್ತಕಗಳಲ್ಲಿ ಇಲ್ಲಿನ ಮಗು ತಾನೇ ಪರಿಣತನಾಗಿ ನಿಲ್ಲುವ ಸಂದರ್ಭಗಳುಂಟು. ಎರಿಕ್ ಕಾರ್ಲ್ 1969ರಲ್ಲಿ ರಚಿಸಿದ, ಜಗತ್ತಿನ ಕೋಟ್ಯಂತರ ಮಕ್ಕಳು ನೋಡಿರುವ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕದಲ್ಲಿ ಹುಳು ಗೂಡು ಕಟ್ಟಿ, ಅದರೊಳಗಿಂದ ಬಣ್ಣದ ಪಾತರಗಿತ್ತಿಯಾಗಿ ಹೊರಬರುತ್ತದೆ. ಶಿಡ್ಲಘಟ್ಟದ ಹುಳು ಸಾಕಣೆಯ ಮನೆಯಲ್ಲಿ ಬೆಳೆದ ಹುಡುಗಿಗೆ, ನಾಲ್ಕು ಜ್ವರಗಳನ್ನು, ಎಂದರೆ ಪೊರೆ ಕಳಚುವ ನಾಲ್ಕು ಹಂತಗಳನ್ನು ದಾಟಿ ಹಣ್ಣಾದ ಹುಳು ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಗೂಡು ಕಟ್ಟುವುದೂ, ಅದನ್ನು ಸೀಳಿಕೊಂಡು ಬರುವುದು ಮಾಸಲು ಬಿಳಿಯ ಪತಂಗವೆಂಬುದೂ ಗೊತ್ತು. ಪಾತರಗಿತ್ತಿಗಳು ಸಾಮಾನ್ಯವಾಗಿ ರೇಷ್ಮೆಯ ಗೂಡು ಕಟ್ಟದೆ ಗಟ್ಟಿ ಕವಚದ ಕೋಶವಾಗುತ್ತವೆ ಎಂಬ ವ್ಯತ್ಯಾಸವನ್ನು ಅವಳಿಗೆ ತೋರಿಸಿಕೊಟ್ಟರೆ, ಅಚ್ಚಾದದ್ದೆಲ್ಲ ಸರಿಯೆಂದು ನಂಬದೆ ಪುಸ್ತಕವನ್ನು ಕಣ್ಣಾರೆ ಕಂಡದ್ದರೊಡನೆ ಹೋಲಿಸಿ ನೋಡುವ ಧೈರ್ಯ ಬರುತ್ತದೆ. ಪ್ರಶ್ನೆ ಮಾಡುವುದನ್ನು ಬದುಕಿನುದ್ದಕ್ಕೂ ಕಲಿಸಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಆತ್ಮಕಥೆ ‘ಹೋರಾಟದ ಹಾದಿ’ಯಿಂದ ಆಯ್ದ ಭಾಗಗಳನ್ನು ಹೈಸ್ಕೂಲಿನ ಮಕ್ಕಳಿಗೆ ಓದಿಹೇಳಬಹುದು. ಅದೇ ಗೌರಿಬಿದನೂರಿನ ಬಳಿ ಆಕಾಶದ ರೇಡಿಯೊ ಅಲೆಗಳನ್ನು ಹಿಡಿಯುವ ದೂರದರ್ಶಕವಿರುವಾಗ, ನಿರಂಜನ ಅವರ ಸಂಪಾದಕತ್ವದಲ್ಲಿ ಏಳು ಸಂಪುಟಗಳಲ್ಲಿ ಬಂದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯಲ್ಲಿ ನಕ್ಷತ್ರಗಳ ಬಗ್ಗೆ ಓದುವುದಕ್ಕೆ ಬೇರೆಯೇ ಸೊಗಸಿದೆ. ಅದರ ಅಂಕಿಅಂಶಗಳು ಹಳೆಯವಾಗಿದ್ದರೂ ವಿವರಿಸುವ ಕನ್ನಡ ಇಂದಿಗೂ ಮೇಲ್ಪಂಕ್ತಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬಗ್ಗೆ ಕೇಳುವ ಮಕ್ಕಳಿಗೆ, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆಯ ಪುಟ್ಟ ಜೀವನಚರಿತ್ರೆಗಳು ತಕ್ಕವು.

ಹತ್ತು ದಾಟಿದವರ ಮುಂದೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಯನ್ನೂ, ವಿ. ಗಾಯತ್ರಿ ಕನ್ನಡಕ್ಕೆ ತಂದ ‘ತೊತ್ತೊಚಾನ್’ ಅನ್ನೂ ಇಡಬಹುದು. ಎರಡನೆಯದನ್ನು ಹೆತ್ತವರು ಮೊದಲು ತಾವೇ ಓದಿ ಆಮೇಲೆ ಮಕ್ಕಳ ಕೈಗೆ ಕೊಡುವುದು ಮೇಲು, ಏಕೆಂದರೆ ತರಗತಿಯಲ್ಲಿ ಸುಮ್ಮನೆ ಕೂರಲಾರದ ಮಗುವನ್ನು ಶಾಲೆಯೊಂದು ಹೇಗೆ ಪ್ರೀತಿಯಿಂದ ಬರಮಾಡಿಕೊಳ್ಳಬಲ್ಲುದು ಎಂಬುದು ದೊಡ್ಡವರು ತಿಳಿಯಬೇಕಾದ ಸಂಗತಿ. ಹೈಸ್ಕೂಲು ಮುಟ್ಟುವ ಹೊತ್ತಿಗೆ ತೇಜಸ್ವಿಯವರ ‘ಪರಿಸರದ ಕತೆ’ ಮತ್ತು ‘ಕರ್ವಾಲೊ’ ತಾವಾಗಿಯೇ ರುಚಿಸುತ್ತವೆ.

ಇಷ್ಟೆಲ್ಲ ಪುಸ್ತಕ ಕೊಳ್ಳುವುದು ಎಲ್ಲ ಮನೆಗಳಿಗೂ ಸಾಧ್ಯವಾಗದು, ಕೊಳ್ಳಲೇಬೇಕೆಂದೂ ಇಲ್ಲ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತದೆ. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಹೆತ್ತವರು ಕೂಡಿ ಪುಸ್ತಕಗಳ ಹೆಸರು ಬರೆದು ಗ್ರಂಥಪಾಲಕರಿಗೂ ಪಂಚಾಯಿತಿಗೂ ಕೊಡಬೇಕು, ಆ ಪಟ್ಟಿಯಲ್ಲಿ ಚಿತ್ರಕಥೆಗಳ ಹೆಸರನ್ನು ಹಿಂಜರಿಯದೆ ಮೊದಲಿಗೇ ಬರೆಯಬೇಕು.