ಎಂಜಿನ್ ಆಯಿಲಿಗೆ ನೀರು ಬಂದದ್ದೆಲ್ಲಿಂದ?

ಮಲೆನಾಡಿನ ಜುಲೈ ತಿಂಗಳ ಒಂದು ಬೆಳಿಗ್ಗೆ ಎಂದುಕೊಳ್ಳಿ. ಹೊರಗೆ ಜಡಿಮಳೆ. ಎರಡು ಕಿಲೋಮೀಟರ್ ದೂರದ ಶಾಲೆಗೆ ಮಗಳನ್ನು ಬಿಟ್ಟು ಬಂದ ಅಪ್ಪ, ಆಯಿಲ್ ಎಷ್ಟಿದೆ ನೋಡೋಣವೆಂದು ಕಾರಿನ ಬಾನೆಟ್ ಎತ್ತುತ್ತಾರೆ. ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆದರೆ ಅದರ ಒಳಮೈಗೆ ಬೆಣ್ಣೆ ಮೆತ್ತಿದಂತೆ ಹಳದಿ ಕೆನೆ! ಪಕ್ಕದ ಮನೆಯವರು ಇಣುಕಿ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಎಂಜಿನ್ ಬಿಚ್ಚಲೇಬೇಕು’ ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಬಿಚ್ಚಿಸಿದರೆ ತಿಂಗಳ ಸಂಬಳಕ್ಕೆ ಕತ್ತರಿ. ಸುಮ್ಮನಿದ್ದು ಅವರ ಮಾತೇ ನಿಜವಾದರೆ ಎಂಜಿನ್ನಿಗೇ ಸಂಚಕಾರ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಅದಕ್ಕೆ ಬೇಕಾದದ್ದು ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ ಮತ್ತು ಒಂದಿಷ್ಟು ತಾಳ್ಮೆ.

ಬೆಂಕಿಯಿಂದ ಹುಟ್ಟುವ ನೀರು

ಪೆಟ್ರೋಲ್ ಉರಿದಾಗ ಹೊಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ನೀರೂ ಬರುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿದರೆ ಆಗುವುದು ನೀರೇ. ೧೧೪ ಗ್ರಾಂ ಆಕ್ಟೇನ್ ಪೂರ್ತಿ ಉರಿದರೆ ೧೬೨ ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ಇದರ ಬಹುಪಾಲು ಆವಿಯಾಗಿ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಆದರೆ ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಕೆಳಗೆ ನುಸುಳಿ, ಆಯಿಲ್ ಇರುವ ಕ್ರ್ಯಾಂಕ್‌ಕೇಸ್ ಸೇರುತ್ತದೆ.

ಎಂಜಿನ್ ಚೆನ್ನಾಗಿ ಕಾದಿದ್ದರೆ ತೊಂದರೆಯಿಲ್ಲ. ಆವಿ ಆವಿಯಾಗಿಯೇ ಉಳಿದು, ಉಸಿರು ಕೊಳವೆಯ ದಾರಿಯಲ್ಲಿ ಮತ್ತೆ ಸಿಲಿಂಡರಿಗೆ ಹೋಗಿ ಹೊರಬೀಳುತ್ತದೆ. ತಣ್ಣಗಿದ್ದರೆ ಮಾತ್ರ, ಅನ್ನದ ಪಾತ್ರೆಯ ಮುಚ್ಚಳದಡಿ ಹನಿಗಟ್ಟುವಂತೆ, ಒಳಗೇ ನೀರಾಗುತ್ತದೆ. ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ದಿನವೂ ಆಗುವುದು ಇದೇ. ಡ್ಯಾಷ್‌ಬೋರ್ಡಿನ ಮುಳ್ಳು ‘ಎಂಜಿನ್ ಬಿಸಿಯಾಗಿದೆ’ ಎಂದು ತೋರಿಸಿದರೂ ಅದು ಕೂಲಂಟ್‌ನ ಲೆಕ್ಕ. ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು.

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎನ್ನುತ್ತಾರಲ್ಲ, ಕೆನೆ ಹೇಗೆ ಬಂತು? ಎಂಜಿನ್ ಆಯಿಲಿಗೆ ಕೊಳೆಯನ್ನು ಹಿಡಿದಿಡುವ, ಸಾಬೂನಿನ ಗುಣದ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಅವು ನೀರಿನ ಸಣ್ಣ ಹನಿಗಳನ್ನೂ ಹಿಡಿದುಕೊಳ್ಳುತ್ತವೆ. ತಿರುಗುವ ಕ್ರ್ಯಾಂಕ್ ಮೊಸರು ಕಡೆದಂತೆ ಎರಡನ್ನೂ ಕಡೆಯುತ್ತದೆ.

ಇದರಿಂದ ಕೆಡುಕೇನು? ಬೇರಿಂಗುಗಳ ನಡುವೆ ಲೋಹ ಲೋಹಕ್ಕೆ ತಾಗದಂತೆ ತಡೆಯುವುದು ಆಯಿಲಿನ ತೆಳು ಪದರ. ನೀರು ಸೇರಿದರೆ ಆ ಪದರ ದುರ್ಬಲವಾಗುತ್ತದೆ, ತುಕ್ಕು ಹಿಡಿಯುತ್ತದೆ, ದಹನದ ಅನಿಲಗಳೊಡನೆ ಸೇರಿ ಆಮ್ಲಗಳೂ ಆಗುತ್ತವೆ.

ಮೊದಲು ಕಣ್ಣಿನ ಪರೀಕ್ಷೆ

ಎಂಜಿನ್ ಪೂರ್ತಿ ತಣಿದ ಮೇಲೆ ಮೂರು ಜಾಗ ನೋಡಬೇಕು. ಒಂದು, ಆಯಿಲ್ ಮುಚ್ಚಳ. ಎರಡು, ಆಯಿಲ್ ಅಳೆಯುವ ಡಿಪ್‌ಸ್ಟಿಕ್. ಮೂರು, ಕೂಲಂಟ್ ಡಬ್ಬಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಕುದಿನೀರು ಮುಖಕ್ಕೆ ಚಿಮ್ಮೀತು.

ಮುಚ್ಚಳದಲ್ಲಿ ಮಾತ್ರ ಕೆನೆಯಿದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎಂದಿನ ಬಣ್ಣದಲ್ಲಿದೆ, ಕೂಲಂಟ್ ಇಳಿದಿಲ್ಲ ಎಂದಾದರೆ ಅದು ಬಹುಮಟ್ಟಿಗೆ ಹನಿಗಟ್ಟಿದ ನೀರು. ಡಿಪ್‌ಸ್ಟಿಕ್‌ನಲ್ಲೇ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಕೂಲಂಟ್ ಪದೇ ಪದೇ ಇಳಿಯುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಅನುಮಾನ ಬಲವಾಗುತ್ತದೆ. ಆಗ ಕಾರನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಲೇಸು.

ಒಗ್ಗರಣೆಯ ಪಾಠ

ಕಾದ ಎಣ್ಣೆಗೆ ತೊಳೆದ ಕರಿಬೇವು ಹಾಕಿದರೆ ಚಟಪಟ ಸಿಡಿಯುತ್ತದೆ. ಸಿಡಿಯುವುದು ಎಲೆಗಂಟಿದ ನೀರು. ಆಯಿಲ್ ಪರೀಕ್ಷೆಗೂ ಇದೇ ಸೂತ್ರ. ೧೫೦-೧೬೦ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಲೋಹದ ತಟ್ಟೆಯ ಮೇಲೆ ಆಯಿಲಿನ ಒಂದು ಹನಿ ಬಿಟ್ಟರೆ, ನೀರಿಲ್ಲದ ಆಯಿಲ್ ಸದ್ದಿಲ್ಲದೆ ಹರಡುತ್ತದೆ. ಸಾವಿರಕ್ಕೆ ಒಂದು ಪಾಲಿನಷ್ಟು ನೀರಿದ್ದರೂ ಗುಳ್ಳೆಯೆದ್ದು ಸಿಡಿಯುತ್ತದೆ. ಹನಿ ಕಣ್ಣಿಗೆ ಹಾರಬಹುದು, ಆಯಿಲಿಗೆ ಬೆಂಕಿಯೂ ಹತ್ತಬಹುದು. ಆದ್ದರಿಂದ ಮಕ್ಕಳು ಇದನ್ನು ಅಡುಗೆಮನೆಯಲ್ಲಿ ಮಾಡಹೋಗದೆ, ತಿಳಿದವರು ಮಾಡುವಾಗ ದೂರ ನಿಂತು ನೋಡಬೇಕು.

ಈ ಪರೀಕ್ಷೆ ನೀರಿದೆ ಎನ್ನುತ್ತದೆ, ಎಲ್ಲಿಂದ ಬಂತು ಎನ್ನುವುದಿಲ್ಲ. ಅದಕ್ಕೆ ಗ್ಯಾರೇಜಿನಲ್ಲಿ ಬೇರೆ ದಾರಿಗಳಿವೆ. ಕೂಲಂಟ್ ವ್ಯವಸ್ಥೆಗೆ ಗಾಳಿ ತುಂಬಿ ಒತ್ತಡ ಹಾಕುತ್ತಾರೆ. ಹೊರಗೆಲ್ಲೂ ಸೋರದೆ ಒತ್ತಡ ಇಳಿದರೆ ಸೋರಿಕೆ ಒಳಗಿದೆ ಎಂದರ್ಥ. ಇನ್ನೊಂದರಲ್ಲಿ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಅನಿಲ ಅಲ್ಲಿಗೆ ನುಗ್ಗಿದ್ದರೆ ಇಂಗಾಲದ ಡೈಆಕ್ಸೈಡ್‌ನಿಂದಾಗಿ ನೀಲಿ ಹಳದಿಗೆ ತಿರುಗುತ್ತದೆ. ಲಿಟ್ಮಸ್ ಕಾಗದ ಬಲ್ಲ ವಿದ್ಯಾರ್ಥಿಗೆ ಇದೇನೂ ಹೊಸತಲ್ಲ. ಕೆಲವು ಕಾರುಗಳಲ್ಲಿ ಆಯಿಲ್ ಕೂಲರ್ ಒಡೆದೂ ಕೂಲಂಟ್ ಬೆರೆಯುತ್ತದೆ. ಹೆಡ್ ಇಳಿಸುವ ಮುನ್ನ ಅದನ್ನೂ ನೋಡಿಸಬೇಕು.

ಪ್ರಯೋಗಾಲಯಗಳಲ್ಲಿ ಇನ್ನೂ ಸೂಕ್ಷ್ಮವಾದ ವಿಧಾನವಿದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಫಿಷರ್ ೧೯೩೫ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಎಷ್ಟು ಅಯೋಡಿನ್ ಖರ್ಚಾಯಿತು ಎಂಬುದರಿಂದ ನೀರಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ನೀರು ಆರಿಹೋದರೂ ಕೂಲಂಟ್‌ನಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂ ಅಂಶಗಳು ಆಯಿಲಿನಲ್ಲಿ ಉಳಿಯುತ್ತವೆ. ಕಳ್ಳ ಹೋದರೂ ಹೆಜ್ಜೆಗುರುತು ಉಳಿದಂತೆ.

ನೆರೆ ನೀರು ಹೊಕ್ಕರೆ

೨೦೨೨ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಅನೇಕ ಕಾರುಗಳು ಮಳೆನೀರಿನಲ್ಲಿ ಮುಳುಗಿದವು. ಹಾಗೆ ಮುಳುಗಿದ ಕಾರಿನ ಕೀಲಿಯನ್ನು ‘ನೋಡೋಣ’ ಎಂದೂ ತಿರುಗಿಸಬಾರದು. ಸಿಲಿಂಡರಿನೊಳಗೆ ನೀರಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ; ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇನ್ನು ನಮ್ಮ ಮಲೆನಾಡಿನ ಅಪ್ಪನ ಕಥೆ. ಡಿಪ್‌ಸ್ಟಿಕ್ ಚೊಕ್ಕಟ, ಕೂಲಂಟ್ ಗೆರೆಯಲ್ಲೇ ಇದೆ ಎಂದಾದರೆ ಮುಚ್ಚಳವನ್ನು ಒರೆಸಿ, ಕೂಲಂಟ್ ಮಟ್ಟಕ್ಕೆ ಗುರುತು ಹಾಕಿ, ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಂದು ಗಂಟೆಯ ಪ್ರಯಾಣ ಮಾಡಿ ಬರಲಿ. ವಾರದ ಮೇಲೆ ಮತ್ತೆ ನೋಡಲಿ. ಕೆನೆ ಕಡಿಮೆಯಾಗಿ, ಕೂಲಂಟ್ ಹಾಗೆಯೇ ಇದ್ದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ. ಕೂಲಂಟ್ ಇಳಿದಿದ್ದರೆ ಪಕ್ಕದ ಮನೆಯವರ ಮಾತಿನಲ್ಲೂ ಹುರುಳಿದೆ ಎಂದು ಗ್ಯಾರೇಜಿಗೆ ಹೋಗಬೇಕು.

ಕಡಿಮೆ ಓಡಿದ ಕಾರಿನ ಆಯಿಲ್ ಕೆಡುವುದಿಲ್ಲ ಎಂಬುದು ತಪ್ಪು ಲೆಕ್ಕ. ಕಿಲೋಮೀಟರ್ ಆಗದಿದ್ದರೂ ಕಂಪನಿಯ ಕೈಪಿಡಿ ಹೇಳಿದ ತಿಂಗಳಿಗೆ ಆಯಿಲ್ ಬದಲಿಸಬೇಕು. ಇನ್ನು ಮಳೆ ಬಿಟ್ಟ ದಿನ ಎರಡು ಕಿಲೋಮೀಟರ್ ದೂರದ ಶಾಲೆಗೆ ಮಗಳು ಸೈಕಲ್ ತುಳಿದರೆ ಅವಳಿಗೂ ಒಳ್ಳೆಯದು, ಎಂಜಿನ್ನಿಗೂ ಒಳ್ಳೆಯದು.