ಕಚೇರಿ ರೂಟರಿನಲ್ಲಿ ವಿಪಿಎನ್ ಅಳವಡಿಕೆ: ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯ ಗಣಕಯಂತ್ರವು ಮೇಲಿನ ಕಚೇರಿಯ ಒಳಜಾಲದಲ್ಲಿರುವ ಸರ್ವರನ್ನು ತಲುಪಬೇಕಾದಲ್ಲಿ ವಿಪಿಎನ್ ಬಳಸಲಾಗುತ್ತದೆ. ಇದು ಸಾರ್ವಜನಿಕ ಅಂತರ್ಜಾಲದ ಮೇಲೆಯೇ ಹಾದುಹೋಗುವ, ಆದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಖಾಸಗಿ ಮಾರ್ಗ. ರೂಟರಿನಲ್ಲಿಯೇ ಇದನ್ನು ಅಳವಡಿಸಿದರೆ ಪ್ರತಿ ಗಣಕಯಂತ್ರದಲ್ಲಿ ಬೇರೆ ಬೇರೆ ಅಳವಡಿಸುವ ಶ್ರಮ ತಪ್ಪುತ್ತದೆ. ಆದರೆ ರೂಟರಿನ ಪುಟದಲ್ಲಿ ‘ಸಂಪರ್ಕಗೊಂಡಿದೆ’ ಎಂದು ಕಾಣಿಸಿದ ಮಾತ್ರಕ್ಕೆ ಕೆಲಸ ಸಾಗುವುದೆಂದು ಭಾವಿಸುವಂತಿಲ್ಲ. ಖಾತಾ ಬದಲಾವಣೆಗೆ ಬಂದ ಅರ್ಜಿದಾರರು ‘ಸರ್ವರ್ ಇಲ್ಲ’ ಎಂಬ ಉತ್ತರ ಪಡೆದು ಹಿಂತಿರುಗುವಾಗ ಸರ್ವರ್ ಸುಸ್ಥಿತಿಯಲ್ಲಿದ್ದು, ದೋಷವು ಕಚೇರಿಯ ರೂಟರಿನಲ್ಲಿಯೇ ಇರುವುದುಂಟು.

ಮೊದಲು ಪರಿಶೀಲಿಸಬೇಕಾದುದು ವಿಳಾಸ ಶ್ರೇಣಿ. ಅಂಗಡಿಯಿಂದ ತಂದ ಬಹುತೇಕ ರೂಟರುಗಳು 192.168.0 ಅಥವಾ 192.168.1 ಎಂದು ಆರಂಭವಾಗುವ ವಿಳಾಸಗಳನ್ನೇ ಹಂಚುತ್ತವೆ. ಮೇಲಿನ ಕಚೇರಿಯ ಜಾಲವೂ ಅದೇ ಶ್ರೇಣಿಯಲ್ಲಿದ್ದರೆ, 192.168.1.10 ರಲ್ಲಿರುವ ಸರ್ವರನ್ನು ಗಣಕಯಂತ್ರವು ತನ್ನ ಕೊಠಡಿಯಲ್ಲಿಯೇ ಹುಡುಕುತ್ತದೆ; ಕೋರಿಕೆಯು ವಿಪಿಎನ್ ಮಾರ್ಗವನ್ನು ಪ್ರವೇಶಿಸುವುದೇ ಇಲ್ಲ. ಎರಡು ಗ್ರಾಮಗಳಲ್ಲಿ ಒಂದೇ ಆಸ್ತಿ ಸಂಖ್ಯೆಯಿದ್ದು, ಗ್ರಾಮದ ಹೆಸರನ್ನೇ ಬರೆಯದೆ ನೋಟಿಸು ಕಳುಹಿಸಿದಂತಾಗುತ್ತದೆ. ಆದುದರಿಂದ ಒಂದು ಪಂಚಾಯಿತಿಗೆ 10.20.1, ಮತ್ತೊಂದಕ್ಕೆ 10.20.2 ಎಂಬಂತೆ ಪ್ರತ್ಯೇಕ ಶ್ರೇಣಿಗಳನ್ನು ನಿಗದಿಪಡಿಸಿ, ತಾಲ್ಲೂಕು ಮಟ್ಟದ ಒಂದೇ ವಹಿಯಲ್ಲಿ ನಮೂದಿಸಿಡುವುದು ಸೂಕ್ತ. ಒಂದೊಂದು ಶ್ರೇಣಿಯಲ್ಲಿ 254 ಸಾಧನಗಳಿಗೆ ವಿಳಾಸ ದೊರೆಯುವುದರಿಂದ ಕೊರತೆಯ ಪ್ರಶ್ನೆಯಿಲ್ಲ. ಶ್ರೇಣಿ ಬದಲಿಸಿದ ದಿನವೇ ಪ್ರಿಂಟರ್ ನಿಂತುಹೋದರೆ ಗಾಬರಿಯಾಗಬೇಕಿಲ್ಲ. ಅದಕ್ಕೆ ಕೈಯಾರೆ ನೀಡಿದ್ದ ಹಳೆಯ ವಿಳಾಸವನ್ನೂ ಬದಲಿಸತಕ್ಕದ್ದು.

ವಿಪಿಎನ್ ವಿಧವನ್ನು ಮೇಲಿನ ಕಚೇರಿಯೇ ತಿಳಿಸುತ್ತದೆ. ಐಪಿಸೆಕ್ ಆದಲ್ಲಿ ಯುಡಿಪಿ 500 ಮತ್ತು 4500, ಓಪನ್‌ವಿಪಿಎನ್ ಆದಲ್ಲಿ ಸಾಮಾನ್ಯವಾಗಿ ಯುಡಿಪಿ 1194 ಪೋರ್ಟುಗಳು ತಡೆಯಿಲ್ಲದೆ ತೆರೆದಿರಬೇಕು. ಹಳೆಯ ರೂಟರುಗಳಲ್ಲಿ ಸುಲಭವಾಗಿ ಸಿಗುವ ಪಿಪಿಟಿಪಿಯ ಭದ್ರತೆಯನ್ನು ಮುರಿಯಬಹುದೆಂಬುದು ಎಂದೋ ಸಾಬೀತಾಗಿರುವುದರಿಂದ ಅದನ್ನು ಬಳಸಲೇಬಾರದು.

ಇನ್ನು ಸಮಯ. ಅಗ್ಗದ ರೂಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ವಿದ್ಯುತ್ ಹೋಗಿ ಬಂದೊಡನೆ ಅವು ಯಾವುದೋ ಹಳೆಯ ದಿನಾಂಕದಿಂದ ಆರಂಭವಾಗುತ್ತವೆ. ಆಗ ಡಿಜಿಟಲ್ ಪ್ರಮಾಣಪತ್ರವು ‘ಇನ್ನೂ ಜಾರಿಗೆ ಬಂದಿಲ್ಲ’ವೆಂದು ತಿರಸ್ಕೃತವಾಗುತ್ತದೆ. ಸಮಯವನ್ನು ತಾನಾಗಿ ಸರಿಪಡಿಸುವ ಎನ್‌ಟಿಪಿ ಸೌಲಭ್ಯವನ್ನು ಚಾಲನೆಗೊಳಿಸುವುದು. ಆ ಎನ್‌ಟಿಪಿ ಸರ್ವರ್ ವಿಪಿಎನ್‌ನ ಹೊರಗಿನಿಂದಲೇ ದೊರೆಯುವಂತಿರಬೇಕು. ಇಲ್ಲವಾದರೆ ಸಮಯಕ್ಕೆ ವಿಪಿಎನ್, ವಿಪಿಎನ್‌ಗೆ ಸಮಯ ಎಂದು ಎರಡೂ ಕಾದು ಕೂರುತ್ತವೆ.

ಲಾಗಿನ್ ಪುಟ ತೆರೆದು, ಸ್ಕ್ಯಾನ್ ಮಾಡಿದ ದಾಖಲೆ ಏರಿಸುವಾಗ ಮಾತ್ರ ನಿಂತರೆ ಎಂಟಿಯು ಮಿತಿಯನ್ನು ನೋಡತಕ್ಕದ್ದು. ಸಾಮಾನ್ಯ ಮಿತಿ 1500 ಬೈಟ್. ಪಿಪಿಪಿಒಇ ಸಂಪರ್ಕದಲ್ಲಿ 1492. ವಿಪಿಎನ್ ತನ್ನ ಹೊದಿಕೆಯನ್ನು ಸೇರಿಸುವುದರಿಂದ ದೊಡ್ಡ ಪೊಟ್ಟಣಗಳು ದಾರಿಯಲ್ಲಿಯೇ ಉಳಿಯುತ್ತವೆ. ವಿಪಿಎನ್‌ನ ಎಂಟಿಯುವನ್ನು 1400ಕ್ಕೆ ಇಳಿಸಿದರೆ ಬಹುತೇಕ ಸರಿಹೋಗುತ್ತದೆ.

ಕೀಲಿಪದವನ್ನು ಚೀಟಿಯಲ್ಲಿ ಬರೆದು ರೂಟರಿನ ಬೆನ್ನಿಗೆ ಅಂಟಿಸುವ ರೂಢಿಯನ್ನು ಬಿಡಲೇಬೇಕು. ಎಲ್ಲ ಪಂಚಾಯಿತಿಗಳಿಗೂ ಒಂದೇ ಕೀಲಿ ನೀಡಿದರೆ, ಒಂದು ಕಡೆ ಸೋರಿದಾಗ ಎಲ್ಲ ಕಡೆಯೂ ಬದಲಿಸಬೇಕಾಗುತ್ತದೆ. ರೂಟರಿನ ಗುಪ್ತಪದ ತಿಳಿದ ಸಿಬ್ಬಂದಿ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಬೀರು, ಮೊಹರುಗಳೊಂದಿಗೆ ಇದನ್ನೂ ಸೇರಿಸಿ, ಅಂದೇ ಬದಲಿಸುವುದು. ಸಾರ್ವಜನಿಕರಿಗೆ ವೈಫೈ ನೀಡುವುದಾದರೆ ಅತಿಥಿ ಜಾಲವನ್ನು ಪ್ರತ್ಯೇಕಿಸಿ, ಅದಕ್ಕೆ ವಿಪಿಎನ್ ಪ್ರವೇಶವನ್ನು ನಿರ್ಬಂಧಿಸತಕ್ಕದ್ದು.

ಎಲ್ಲವೂ ಸರಿಯಾದ ಮೇಲೆ ರೂಟರಿನ ಸೆಟ್ಟಿಂಗ್‌ಗಳ ಬ್ಯಾಕಪ್ ಕಡತವನ್ನು ತೆಗೆದಿಡುವುದು. ಅದರಲ್ಲಿ ಕೀಲಿಯೂ ಅಡಕವಾಗಿರಬಹುದಾದ ಕಾರಣ ವಾಟ್ಸ್ಆಪ್ ಗುಂಪಿಗೆ ಹಾಕದೆ, ಪೆನ್‌ಡ್ರೈವ್‌ನಲ್ಲಿ ಉಳಿಸಿ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡತಕ್ಕದ್ದು.